ಮೆಟ್ಟಿದರೆ ಮೊರೆಯುವ ಡಬ್ಬಿ

ಗಿಟಾರ್ ಕೈಗೆ ಹತ್ತದಿರುವುದಕ್ಕೆ ಮೊದಮೊದಲು ನಾನು ಬೆರಳನ್ನು ದೂರುತ್ತಿದ್ದೆ. ಆಮೇಲೆ ತಂತಿಯನ್ನು ದೂರಿದೆ, ಕಲಿಸಿದ ಮೇಷ್ಟ್ರನ್ನು ದೂರಿದೆ, ಕೆಳಗಿನ ಮನೆಯವರ ಮಿಕ್ಸಿಯನ್ನೂ ದೂರಿದೆ. ದೂರಲು ಇನ್ನೇನೂ ಉಳಿದಿಲ್ಲ ಅನ್ನುವ ಹೊತ್ತಿಗೆ ಯೂಟ್ಯೂಬು ಕೈಹಿಡಿಯಿತು. ಅಲ್ಲಿ ಗಡ್ಡ ಬಿಟ್ಟ ಪ್ರತಿಯೊಬ್ಬ ಗಿಟಾರಿಗನ ಕಾಲಬುಡದಲ್ಲೂ ಬಣ್ಣಬಣ್ಣದ ಲೋಹದ ಡಬ್ಬಿಗಳು ಸಾಲಾಗಿ ಕೂತಿದ್ದವು. ಪುಣ್ಯಾತ್ಮರು ಒಂದನ್ನು ಮೆಟ್ಟಿದರೆ ಸಾಕು, ಅಲ್ಲಿಯವರೆಗೆ ಟಿಣ್ ಟಿಣ್ ಎನ್ನುತ್ತಿದ್ದ ಗಿಟಾರು ಘರ್ಜಿಸುತ್ತಿತ್ತು. ನನಗೆ ಗಡ್ಡವೂ ಇತ್ತು, ರಜೆ ದಿನ ಹೆರೆಯುವುದಿಲ್ಲ. ಕಾಲೂ ಇತ್ತು. ಇಲ್ಲದಿದ್ದುದು ಡಬ್ಬಿ ಮಾತ್ರ.

ಆ ಡಬ್ಬಿಗೆ ಪೆಡಲ್ ಅನ್ನುತ್ತಾರೆ. ಗಿಟಾರಿನಿಂದ ಹೊರಟ ಸದ್ದು ಆಂಪ್ಲಿಫೈಯರ್ ಮುಟ್ಟುವ ಮುಂಚೆ ಇದರೊಳಗೆ ಹಾದುಹೋಗುತ್ತದೆ. ಒಂದು ಬಗೆಯ ಪೆಡಲು ಸದ್ದನ್ನು ಪ್ರತಿಧ್ವನಿಸುತ್ತದೆ, ಇನ್ನೊಂದು ನಡುಗಿಸುತ್ತದೆ, ಮತ್ತೊಂದು ಕೆಡಿಸುತ್ತದೆ. ನನ್ನ ಕಣ್ಣು ಬಿದ್ದಿದ್ದು ಕೆಡಿಸುವುದರ ಮೇಲೆ.

"ಈಗ ಕೆಟ್ಟಿರೋದು ಸಾಲದೇನ್ರೀ?" ಅಂದಳು ನನ್ನ ಹೆಂಡತಿ.

ಕೆಟ್ಟ ಸದ್ದಿಗೂ ಒಂದು ಘನವಾದ ಚರಿತ್ರೆ ಇದೆ ಎಂದು ಅವಳಿಗೆ ಮನದಟ್ಟು ಮಾಡಲು ಕೂತೆ. ಅರವತ್ತರ ದಶಕದ ಆರಂಭದಲ್ಲಿ ಅಮೆರಿಕದ ನ್ಯಾಶ್‌ವಿಲ್‌ನಲ್ಲಿ ಮಾರ್ಟಿ ರಾಬಿನ್ಸ್ ಎಂಬ ಗಾಯಕನ ಹಾಡೊಂದರ ಧ್ವನಿಮುದ್ರಣ ನಡೆದಿತ್ತು. ಸ್ಟುಡಿಯೋದ ಯಂತ್ರದಲ್ಲಿ ಏನೋ ದೋಷ ಕಾಣಿಸಿಕೊಂಡು, ಬೇಸ್ ಗಿಟಾರಿನ ಸದ್ದು ಒಡೆದು ಗೊರಗೊರ ಎಂದಿತು. ನಮ್ಮವರಾಗಿದ್ದರೆ ರಿಪೇರಿಯವನನ್ನು ಕರೆಸುತ್ತಿದ್ದರು. ಅವರು ಅದನ್ನು ಹಾಗೆಯೇ ಉಳಿಸಿಕೊಂಡರು, ಹಾಡು ಗೆದ್ದಿತು. ಗ್ಲೆನ್ ಸ್ನಾಡಿ ಎಂಬ ಎಂಜಿನಿಯರು ಅದೇ ಗೊರಗೊರವನ್ನು ಬೇಕೆಂದಾಗ ಹುಟ್ಟಿಸುವ ಸರ್ಕ್ಯೂಟ್ ಮಾಡಿದ. 1962ರಲ್ಲಿ ಅದು ಮೇಸ್ಟ್ರೋ ಫಜ್-ಟೋನ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. 1965ರಲ್ಲಿ ರೋಲಿಂಗ್ ಸ್ಟೋನ್ಸ್‌ನವರು ಒಂದು ಹಾಡಿನಲ್ಲಿ ಅದನ್ನು ಬಳಸಿದ ಮೇಲೆ ಡಬ್ಬಿಗೆ ಎಲ್ಲಿಲ್ಲದ ಬೇಡಿಕೆ. ಇದಕ್ಕೂ ಒಂದು ವರ್ಷ ಮುಂಚೆ ಲಂಡನ್ನಿನ ಕಿಂಕ್ಸ್ ತಂಡದ ಡೇವ್ ಡೇವಿಸ್ ಎಂಬ ಹುಡುಗನಂತೂ ಡಬ್ಬಿಯ ಗೊಡವೆಗೇ ಹೋಗದೆ, ತನ್ನ ಸ್ಪೀಕರಿನ ಕಾಗದವನ್ನು ಬ್ಲೇಡಿನಲ್ಲಿ ಸೀಳಿ ಅದೇ ಸದ್ದು ಹೊರಡಿಸಿ ಹೆಸರು ಮಾಡಿದ.

ಹೆಂಡತಿ ಅವರೆಕಾಯಿ ಸುಲಿಯುತ್ತಲೇ ಎಲ್ಲವನ್ನೂ ಕೇಳಿಸಿಕೊಂಡು, "ನಮ್ಮೂರಲ್ಲಿ ಗಣಪತಿ ಕೂರಿಸ್ದಾಗ ಮೈಕ್‌ಸೆಟ್ ಸಿದ್ದಣ್ಣನ ಹಾರನ್ನು ವರ್ಷಾ ವರ್ಷಾ ಹಿಂಗೇ ಗೊರಗುಟ್ತಿತ್ತು. ಪಾಪ, ಅವನಿಗೆ ಯಾರೂ ಬಾಡಿಗೇನೇ ಪೂರ್ತಿ ಕೊಡ್ತಿರ್ಲಿಲ್ಲ" ಅಂದಳು.

ಚರಿತ್ರೆ ಕೆಲವರ ಪಾಲಿಗೆ ನಿರ್ದಯಿ. ನಾನು ವಿಷಯ ಬದಲಿಸಿ ನನ್ನ ಅಕ್ಕನ ಮಗನಿಗೆ ಫೋನು ಮಾಡಿದೆ. ಅವನು ಕಾಲೇಜಿನ ಬ್ಯಾಂಡಿನಲ್ಲಿ ನುಡಿಸುತ್ತಾನೆ, ಅಂದರೆ ಪರೀಕ್ಷೆಗಳಲ್ಲಿ ಅಷ್ಟಕ್ಕಷ್ಟೆ.

"ಮಾಮ, ಆನ್‌ಲೈನಲ್ಲಿ ತರಿಸ್ಬೇಡಿ. ಅಂಗಡಿಗೆ ಹೋಗಿ ಟೆಸ್ಟ್ ಮಾಡಿ. ನಿಮ್ ಗಿಟಾರೇ ತಗೊಂಡ್ಹೋಗಿ. ನಿಮ್ಮನೇಲಿರೋ ಥರದ್ದೇ ಚಿಕ್ಕ ಆಂಪಿಗೆ ಹಾಕ್ಸಿ ಕೇಳಿ. ಇನ್ನೊಂದು ಮುಖ್ಯ, ಪೆಡಲ್ ಆನ್ ಮಾಡ್ದಾಗ್ಲೂ ಆಫ್ ಮಾಡ್ದಾಗ್ಲೂ ಸೌಂಡು ಒಂದೇ ಲೆವೆಲ್ಲಲ್ಲಿ ಇರೋ ಹಾಗೆ ನಾಬ್ ಇಟ್ಕೊಳ್ಳಿ. ಇಲ್ಲಾಂದ್ರೆ ಜೋರಾಗಿರೋದೇ ಚೆನ್ನಾಗಿದೆ ಅನ್ಸತ್ತೆ."

ಹುಡುಗ ಹೇಳಿದ್ದು ಸರಿಯೇ. ಸದ್ದು ಸಣ್ಣದಿದ್ದಾಗ ನಮ್ಮ ಕಿವಿಗೆ ಮಂದ್ರವೂ ತಾರವೂ ಅಷ್ಟಾಗಿ ಮುಟ್ಟುವುದಿಲ್ಲ, ಜೋರಾದಂತೆಲ್ಲ ಎರಡೂ ತುಂಬಿಕೊಳ್ಳುತ್ತವೆ. ಫ್ಲೆಚರ್ ಮತ್ತು ಮನ್ಸನ್ ಎಂಬ ಇಬ್ಬರು ಬೆಲ್ ಪ್ರಯೋಗಾಲಯದಲ್ಲಿ ಇದನ್ನು ಅಳೆದು 1933ರಲ್ಲೇ ಪ್ರಕಟಿಸಿದ್ದಾರೆ. ಅಂಗಡಿಯವರು ಅದನ್ನು ಓದದೆಯೂ ಬಲ್ಲರು. ಅಕ್ಕನ ಮಗನ ಮಾತನ್ನೆಲ್ಲ ಮದುವೆ ಕಾಗದವೊಂದರ ಬೆನ್ನಿನ ಮೇಲೆ ಬರೆದುಕೊಂಡು ಜೇಬಿಗಿಟ್ಟೆ. ಅದು ಜೇಬಿನಲ್ಲೇ ಉಳಿಯಿತು.

ಬೆನ್ನಿಗೆ ಗಿಟಾರ್ ಚೀಲ ನೇತುಹಾಕಿಕೊಂಡು ಮೆಟ್ರೋ ಹತ್ತಿದ ಐವತ್ತು ದಾಟಿದ ಗಂಡಸನ್ನು ಬೆಂಗಳೂರು ಎರಡು ರೀತಿಯಲ್ಲಿ ನೋಡುತ್ತದೆ. ವಯಸ್ಸಾದವರು ಮರುಕದಿಂದ, ಚಿಕ್ಕವರು ಮಗನ ಗಿಟಾರು ರಿಪೇರಿಗೆ ಒಯ್ಯುತ್ತಿದ್ದಾನೆ ಎಂಬಂತೆ. ಎದುರು ಕೂತಿದ್ದ ಒಬ್ಬರು ಮಾತ್ರ, "ಎಲ್ಲಿ ಸಾರ್ ಪ್ರೋಗ್ರಾಮು?" ಎಂದು ಕೇಳಿಯೇಬಿಟ್ಟರು. "ಇವತ್ತು ಸೌಂಡ್ ಚೆಕ್ ಅಷ್ಟೆ" ಅಂದೆ. ಅಕ್ಷರಶಃ ನಿಜವೇ. ಆದರೂ ಅವರು ನನ್ನ ಮುಖವನ್ನು ಯಾವ ವಾಹಿನಿಯಲ್ಲಿ ನೋಡಿದ್ದು ಎಂದು ಇಳಿಯುವವರೆಗೂ ನೆನಪಿಸಿಕೊಳ್ಳುತ್ತಿದ್ದರು.

ಅಂಗಡಿ ಮೊದಲ ಮಹಡಿಯಲ್ಲಿತ್ತು. ಹೆಸರು ಬೇಡ, ಅವರದೇನೂ ತಪ್ಪಿಲ್ಲ. ಏಪ್ರಿಲ್ ಮಧ್ಯಾಹ್ನ ಹೊರಗೆ ಡಾಂಬರು ಬೇಯುತ್ತಿದ್ದರೆ ಒಳಗೆ ಎ.ಸಿ. ಹಲ್ಲು ಕಟಗುಟ್ಟಿಸುತ್ತಿತ್ತು. ಈ ಎ.ಸಿ.ಯನ್ನು ಓದುಗರು ದಯವಿಟ್ಟು ನೆನಪಿನಲ್ಲಿಡಬೇಕು. ಮೂಲೆಯಲ್ಲಿ ಹೈಸ್ಕೂಲಿನ ಹುಡುಗನೊಬ್ಬ ಕಣ್ಣುಮುಚ್ಚಿಕೊಂಡು, ನಾನು ಎಣಿಸಲಾರದಷ್ಟು ವೇಗದಲ್ಲಿ ಬೆರಳಾಡಿಸುತ್ತಿದ್ದ. ಅವನ ತಾಯಿ ಪಕ್ಕದಲ್ಲಿ ಕೂತು ಬೇಸರದಿಂದ ಮೊಬೈಲು ನೋಡುತ್ತಿದ್ದರು. ಆ ವೇಗ ಅವರಿಗೆ ಹಳತಾಗಿತ್ತು.

ಜುಟ್ಟು ಕಟ್ಟಿದ್ದ ಸೇಲ್ಸ್ ಹುಡುಗ ಬಂದು, "ಏನು ನೋಡ್ತಿದೀರ ಸಾರ್?" ಅಂದ.

"ಫಜ್" ಅಂದೆ, ದಿನಾ ತಿನ್ನುವವನ ಹಾಗೆ.

ಅವನು ಗಾಜಿನ ಬೀರುವಿನಿಂದ ಒಂದು ಬೂದು ಬಣ್ಣದ ಡಬ್ಬಿ ತೆಗೆದ. ಎರಡೇ ನಾಬು, ಒಂದು ಕಾಲ್‌ಸ್ವಿಚ್ಚು, ಒಂದು ಪುಟ್ಟ ಕೆಂಪು ದೀಪ. "ಜರ್ಮೇನಿಯಂ ಟ್ರಾನ್ಸಿಸ್ಟರ್ ಸಾರ್, ಹಳೇ ಸ್ಟಾಕು. ಈಗಿನ ಸಿಲಿಕಾನ್ ಅಲ್ಲ. ಟೋನು ತುಂಬಾ ವಾರ್ಮ್ ಆಗಿರತ್ತೆ" ಎಂದು ಎರಡೂ ಕೈಯಲ್ಲಿ ಹಿಡಿದು ಕೊಟ್ಟ. ಹಿಂದೆಯೇ ಕೇಳಿದ: "ನಿಮ್ಮ ಹತ್ರ ಯಾವ ಆಂಪ್ ಇದೆ ಸಾರ್?"

ನಮ್ಮ ಮನೆಯಲ್ಲಿರುವುದು 10 ವ್ಯಾಟಿನದು, ಅಂಗೈಯಗಲದ ಸ್ಪೀಕರು. ಹುಡುಗನ ಹಿಂದೆ ನನ್ನ ಎದೆಮಟ್ಟ ನಿಂತಿದ್ದುದು 100 ವ್ಯಾಟಿನ ವಾಲ್ವ್ ಆಂಪು. ಬೆರಳು ತಾನಾಗಿಯೇ ಅದರತ್ತ ಹೋಯಿತು. "ಇದೇ ಥರದ್ದು" ಅಂದೆ. ಗಿಟಾರ್ ಚೀಲದ ಜಿಪ್ಪನ್ನು ಅರ್ಧ ಎಳೆದಾಗ ತುಕ್ಕು ಹಿಡಿದ ತಂತಿಗಳೂ, ಆಯುಧಪೂಜೆಯಲ್ಲಿ ಹಚ್ಚಿದ ಕುಂಕುಮವೂ ಕಂಡವು. ಮತ್ತೆ ಮುಚ್ಚಿ, "ಯಾವುದಾದ್ರೂ ನಿಮ್ದೇ ಒಂದು ಕೊಡಿ" ಅಂದೆ. ಅವನು ನನ್ನ ಸ್ಕೂಟರಿಗಿಂತ ಹೆಚ್ಚು ಬೆಲೆಯ ಗಿಟಾರೊಂದನ್ನು ಕೊರಳಿಗೆ ಹಾಕಿದ. ಮದುವೆ ಕಾಗದದ ಹಿಂದಿದ್ದ ಸಲಹೆಗಳು ಹೀಗೆ ಒಂದೊಂದಾಗಿ ತೀರಿಕೊಂಡವು.

ಕೇಬಲ್ ನಾನೇ ಚುಚ್ಚುತ್ತೇನೆ ಎಂದು ಮುಂದಾದೆ. ಎಲ್ಲಿ ಯಾವುದು ಹೋಗುತ್ತದೆ ಎಂದು ಗೊತ್ತಿಲ್ಲದವನೆಂದು ತಿಳಿದಾರು ಎಂಬ ಭಯ. ಪೆಡಲಿನಲ್ಲಿ ಸದ್ದು ಬಲಗಡೆಯಿಂದ ಒಳಗೆ ಹೋಗಿ ಎಡಗಡೆಯಿಂದ ಹೊರಗೆ ಬರುತ್ತದೆ. ಬಲಗಾಲಿಟ್ಟು ಒಳಗೆ ಬರುವುದು ನಮ್ಮ ಮನೆತನದ ಪದ್ಧತಿಯೇ ಆದರೂ ಆ ಕ್ಷಣಕ್ಕೆ ಹೊಳೆಯಲಿಲ್ಲ. ಎಡಕ್ಕೆ ಗಿಟಾರು ಸಿಕ್ಕಿಸಿದೆ, ಬಲಕ್ಕೆ ಆಂಪು.

ಆಮೇಲೆ ಮೆಟ್ಟುವ ಪ್ರಸಂಗ. ಇಲ್ಲಿ ಒಂದು ತೊಡಕಿತ್ತು. ಪುಸ್ತಕಕ್ಕೆ, ಅಕ್ಕಿಗೆ, ವಾದ್ಯಕ್ಕೆ ಕಾಲು ತಾಗಿಸಬಾರದು ಎಂದು ಬೆಳೆದವನು ನಾನು. ಚಿಕ್ಕಂದಿನಲ್ಲಿ ವೀಣೆ ಟೀಚರ ಮನೆಯಲ್ಲಿ ಶ್ರುತಿಪೆಟ್ಟಿಗೆಯನ್ನು ದಾಟಿದ್ದಕ್ಕೆ ತಲೆಯ ಮೇಲೆ ಮೊಟಕಿಸಿಕೊಂಡಿದ್ದೇನೆ. ಈಗ ಏಳು ಸಾವಿರ ರೂಪಾಯಿಯ ವಾದ್ಯವನ್ನು ಬೂಟುಗಾಲಿನಲ್ಲಿ ಮೆಟ್ಟುವುದು ಹೇಗೆ? ಯಾರೂ ನೋಡದ ಹಾಗೆ ಬೂಟು ಬಿಚ್ಚಿದೆ. ಎಲ್ಲರೂ ನೋಡಿದರು. ಕಾಲುಚೀಲದ ಹೆಬ್ಬೆರಳಿನ ಜಾಗದಲ್ಲಿ ತೂತಿತ್ತು.

ಡಬ್ಬಿ ಆಫ್ ಇದ್ದಾಗ ಗಿಟಾರು ಚೆನ್ನಾಗಿಯೇ ಕೇಳಿಸುತ್ತಿತ್ತು. ಮೆಟ್ಟಿದ ಕೂಡಲೇ ನಿಶ್ಶಬ್ದ. ಏಳು ಸಾವಿರ ಕೊಟ್ಟು ಮೌನ ಕೊಳ್ಳುವುದು ಸನ್ಯಾಸಿಗಳಿಗೆ ಸರಿ, ನನಗಲ್ಲ. ವಾಲ್ಯೂಮ್ ನಾಬನ್ನು ತಿರುಪಿದೆ, ಫಜ್ ನಾಬನ್ನು ಕೊನೆಮುಟ್ಟ ತಿರುಪಿದೆ, ಗಿಟಾರಿನದನ್ನೂ ತಿರುಪಿದೆ, ಕೈಗೆ ಎಟುಕಿದ್ದರಿಂದ ಆಂಪಿನದನ್ನೂ ಒಂದಿಷ್ಟು ತಿರುಪಿದೆ. ಸದ್ದಿಲ್ಲ. "ಡಿಫೆಕ್ಟ್ ಪೀಸು ಅನ್ಸತ್ತೆ" ಎಂದು ಗಂಭೀರವಾಗಿ ಹೇಳಿದೆ. ಜುಟ್ಟಿನ ಹುಡುಗ ಏನೂ ಹೇಳದೆ ಬಗ್ಗಿ ಎರಡು ಕೇಬಲ್ಲುಗಳನ್ನು ಅದಲುಬದಲು ಮಾಡಿದ. "ಈಗ ನೋಡಿ ಸಾರ್."

ಮೆಟ್ಟಿದೆ. ತಂತಿ ಮೀಟಿದೆ.

ಆ ಸದ್ದನ್ನು ವರ್ಣಿಸುವ ಶಕ್ತಿ ನನಗಿಲ್ಲ. ಗೋಡೆಗೆ ನೇತುಹಾಕಿದ್ದ ಯುಕುಲೇಲಿಗಳೆಲ್ಲ ಒಟ್ಟಿಗೆ ಝೇಂಕರಿಸಿದವು. ತಾಯಿಯ ಕೈಯಿಂದ ಮೊಬೈಲು ಬಿತ್ತು. ನಾನು ಮಾಡಿದ್ದು ಮಾತ್ರ ಸಂಸ್ಕಾರದ ಕೆಲಸ. ವಾದ್ಯಕ್ಕೆ ಕಾಲು ತಾಗಿದೆ ಎಂದು ಒಳಗಿನಿಂದ ಯಾರೋ ಕೂಗಿದಂತಾಗಿ, ಥಟ್ಟನೆ ಬಗ್ಗಿ ಪೆಡಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡೆ. ಬಗ್ಗಿದ್ದರಿಂದ ಕೊರಳಲ್ಲಿದ್ದ ಗಿಟಾರು ನೇರವಾಗಿ ಸ್ಪೀಕರಿನ ಎದೆಗೆ ಎದುರಾಯಿತು. ಸ್ಪೀಕರಿನ ಸದ್ದಿಗೆ ತಂತಿ ಅದುರುವುದು, ಅದುರಿದ್ದನ್ನು ಪಿಕಪ್ಪು ಹಿಡಿದು ಆಂಪಿಗೆ ಕಳಿಸುವುದು, ಆಂಪು ಇನ್ನೂ ಜೋರಾಗಿ ಸ್ಪೀಕರಿಗೆ ಕೊಡುವುದು. ಇದಕ್ಕೆ ಫೀಡ್‌ಬ್ಯಾಕ್ ಎನ್ನುತ್ತಾರೆ. ಅಂಗಡಿಯ ತುಂಬ ಒಂದೇ ಸ್ವರದ ಊಳು ಎದ್ದಿತು. ನಿಲ್ಲಿಸುವುದು ಹೇಗೆಂದು ತಿಳಿಯದೆ, ಮಾಡಿದ ಅಪಚಾರಕ್ಕೆ ಇದೇ ಫಲವಿರಬೇಕೆಂದು ನಾನು ಇನ್ನೊಂದು ಸಲ ಕಣ್ಣಿಗೊತ್ತಿಕೊಂಡೆ.

ಹುಡುಗ ಓಡಿಬಂದು ಆಂಪು ಆರಿಸಿದ. ಮೂಲೆಯ ಹೈಸ್ಕೂಲು ಹುಡುಗ ಮೊದಲ ಬಾರಿಗೆ ಕಣ್ಣು ಬಿಟ್ಟು, "ಅಂಕಲ್, ಆ ಬಗ್ಗಿ ನಮಸ್ಕಾರ ಮಾಡಿದ್ರಲ್ಲ, ಸೂಪರ್ ಮೂವ್!" ಅಂದ. ಜಿಮಿ ಹೆಂಡ್ರಿಕ್ಸ್ 1967ರಲ್ಲಿ ಮಾಂಟೆರೆ ಎಂಬಲ್ಲಿ ವೇದಿಕೆಯ ಮೇಲೆ ಗಿಟಾರಿಗೆ ಬೆಂಕಿಯಿಟ್ಟು ಅದರ ಮುಂದೆ ಮಂಡಿಯೂರಿದ್ದ. ಹುಡುಗ ಅದನ್ನೆಲ್ಲ ನೋಡಿ ಬೆಳೆದವನು. ನಾನು ಅವನ ಭಕ್ತಿಗೆ ಭಂಗ ತರಲಿಲ್ಲ.

"ಏನಾದ್ರೂ ನುಡಿಸಿ ನೋಡಿ ಸಾರ್" ಅಂದ ಜುಟ್ಟಿನವನು, ನಾಬುಗಳನ್ನು ಅರ್ಧಕ್ಕಿಳಿಸುತ್ತ. ಅವನ ಮುಖದಲ್ಲಿ ಒಂದು ದಣಿವಿತ್ತು. ಲೋಕದ ಎಲ್ಲ ಗಿಟಾರ್ ಅಂಗಡಿಗಳಲ್ಲೂ ಪೆಡಲು ಮೆಟ್ಟಿದವರು ಮೊದಲು ನುಡಿಸುವುದು ಡೀಪ್ ಪರ್ಪಲ್ ತಂಡದ 'ಸ್ಮೋಕ್ ಆನ್ ದ ವಾಟರ್'. 1971ರ ಡಿಸೆಂಬರ್ 4ರಂದು ಸ್ವಿಟ್ಜರ್ಲೆಂಡಿನ ಮಾಂಟ್ರೋದಲ್ಲಿ ಸರೋವರದ ದಂಡೆಯ ಕ್ಯಾಸಿನೋ ಒಂದು ಸುಟ್ಟುಹೋದದ್ದರ ಮೇಲೆ ಕಟ್ಟಿದ ಹಾಡು. ಕ್ಯಾಸಿನೋ ಒಂದು ದಿನ ಸುಟ್ಟಿತು, ಗಿಟಾರ್ ಮಾರುವವರು ಅಂದಿನಿಂದಲೂ ಬೇಯುತ್ತಿದ್ದಾರೆ. ನಾನು ಅವನಿಗೆ ಅಷ್ಟಾದರೂ ಉಪಕಾರ ಮಾಡೋಣವೆಂದು ಅದನ್ನು ಬಿಟ್ಟೆ. ಬಾರದು ಎಂಬುದೂ ಒಂದು ಕಾರಣ.

ಆರೂ ತಂತಿಗಳ ಮೇಲೆ ಒಂದು ದೊಡ್ಡ ಕಾರ್ಡ್ ಹಿಡಿದು ಬಾರಿಸಿದೆ. ಎಲ್ಲ ಸ್ವರಗಳೂ ಒಂದರ ಮೇಲೊಂದು ಬಿದ್ದು ಮುದ್ದೆಯಾದವು. ಫಜ್‌ನ ಗುಣವೇ ಅದು. ಎರಡು ಸ್ವರ ಕೊಟ್ಟರೆ ಅವುಗಳ ಕೂಡುವಿಕೆಯಿಂದಲೂ ಕಳೆಯುವಿಕೆಯಿಂದಲೂ ಕರೆಯದೆ ಇದ್ದ ಹೊಸ ಸ್ವರಗಳನ್ನು ಹುಟ್ಟಿಸುತ್ತದೆ. ಆರು ಕೊಟ್ಟರೆ ಸಂತೆ. ಸೋತು, ನನಗೆ ಬರುವ ಒಂದೇ ವಿದ್ಯೆಗೆ ಮರಳಿದೆ. ಷಡ್ಜ, ಪಂಚಮ ಎರಡನ್ನೇ ಒಟ್ಟಿಗೆ ಮೀಟಿದೆ. ಏನಾಶ್ಚರ್ಯ! ಸ್ಪಷ್ಟವಾಗಿ, ತುಂಬಿಕೊಂಡು, ಅಂಗಡಿಯ ನೆಲ ಅದುರುವ ಹಾಗೆ ನಿಂತಿತು. ಷಡ್ಜ ಎರಡು ಪಾಲಾದರೆ ಪಂಚಮ ಮೂರು ಪಾಲು. ಮೂರರಲ್ಲಿ ಎರಡು ಕಳೆದರೆ ಉಳಿಯುವ ಒಂದು ಅಂದರೆ ಕೆಳಗಿನ ಸ್ಥಾಯಿಯ ಷಡ್ಜ. ಡಬ್ಬಿ ತಾನಾಗಿ ಹುಟ್ಟಿಸುವ ಸ್ವರವೂ ಶ್ರುತಿಯೊಳಗೇ ಬಂದು ಕೂರುತ್ತದೆ. ತಂಬೂರಿ ಮಾಡಿದವರಿಗೆ ಗೊತ್ತಿದ್ದ ಗುಟ್ಟನ್ನೇ ರಾಕ್‌ನವರು ಪವರ್ ಕಾರ್ಡ್ ಎಂದು ಕರೆದು ಅರವತ್ತು ವರ್ಷದಿಂದ ಊಟ ಮಾಡುತ್ತಿದ್ದಾರೆ.

ಆ ಹುರುಪಿನಲ್ಲಿ ಮಲಹರಿ ರಾಗದ ಪಿಳ್ಳಾರಿ ಗೀತೆಯೊಂದನ್ನು ಎತ್ತಿಕೊಂಡೆ. ಪುರಂದರದಾಸರು ಮಕ್ಕಳಿಗೆಂದು ಕಟ್ಟಿದ್ದು, 100 ವ್ಯಾಟಿನಲ್ಲಿ ಕೇಳುವ ಉದ್ದೇಶ ಅವರಿಗಿತ್ತೆಂದು ಕಾಣೆ. ಅಂಗಡಿ ಸ್ತಬ್ಧವಾಯಿತು. ಮೊಬೈಲಿನ ತಾಯಿ ತಲೆಯೆತ್ತಿ, "ಇದು ನಮ್ಮಮ್ಮ ಹೇಳಿಕೊಟ್ಟಿದ್ದು" ಎಂದು ತೊಡೆಯ ಮೇಲೆ ರೂಪಕ ತಾಳ ಹಾಕತೊಡಗಿದರು. ಅವರ ಮಗ ತಲೆತಗ್ಗಿಸಿದ.

ಇಷ್ಟಾದ ಮೇಲೆ "ಯೋಚನೆ ಮಾಡಿ ಬರ್ತೀನಿ" ಎಂದು ಬರಿಗೈಯಲ್ಲಿ ಮೆಟ್ಟಿಲಿಳಿಯುವ ಧೈರ್ಯ ಯಾರಿಗಿದೆ? ಬೂಟು ಬಿಚ್ಚಿದ್ದೇನೆ, ತೂತು ತೋರಿಸಿದ್ದೇನೆ, ಅಂಗಡಿಯನ್ನು ಊಳಿಡಿಸಿದ್ದೇನೆ. "ಹೇಗಿದೆ ಸಾರ್?" ಅಂದ ಹುಡುಗ. "ತುಂಬಾ ವಾರ್ಮ್ ಆಗಿದೆ" ಎಂದು ಎ.ಸಿ.ಯಲ್ಲಿ ನಡುಗುತ್ತ ಹಣ ಕೊಟ್ಟೆ. ಪೆಡಲು ಹೇಗಿತ್ತೆಂದು ಆಗಲೂ ನನಗೆ ತಿಳಿದಿರಲಿಲ್ಲ. ನಾನು ಹೇಗಿದ್ದೆನೆಂದು ಅಂಗಡಿಗೆಲ್ಲ ತಿಳಿದಿತ್ತು.

ಮನೆಯಲ್ಲಿ ನನ್ನ ಸಂಗೀತಕ್ಕೆ ಗೊತ್ತುಮಾಡಿರುವ ಜಾಗ ಟೆರೇಸಿನ ಮೇಲಿನ ಶೀಟಿನ ಕೋಣೆ. ಏಪ್ರಿಲಿನ ಸಂಜೆ ನಾಲ್ಕಕ್ಕೆ ಅಲ್ಲಿ ಹಪ್ಪಳ ಒಣಗಿಸಬಹುದು. ಎಸ್.ಪಿ. ರಸ್ತೆಯಲ್ಲಿ ಚೌಕಾಸಿ ಮಾಡಿ ತಂದ ಕೇಬಲ್ ಸಿಕ್ಕಿಸಿ, ಈ ಸಲ ಬಲ ಎಡ ನೋಡಿಕೊಂಡು, ಚಪ್ಪಲಿ ಬಿಟ್ಟು ಮೆಟ್ಟಿದೆ. ಅಂಗಡಿಯಲ್ಲಿ ಘರ್ಜಿಸಿದ ಡಬ್ಬಿ ಇಲ್ಲಿ ಬಿಕ್ಕಿತು. ಸ್ವರ ಹೊರಟ ಕ್ಷಣಕ್ಕೇ ಪುಸ್ ಎಂದು ಸಾಯುತ್ತಿತ್ತು. ಜೊತೆಗೆ ಹಿಂದೆಲ್ಲೋ ಒಂದು ಗಂಡು ದನಿ. ಕಿವಿಗೊಟ್ಟು ಕೇಳಿದರೆ ಶುದ್ಧ ಕನ್ನಡ. ಮಳೆಗಾಲಕ್ಕೆ ಮುಂಚೆ ಕುರಿಗಳಿಗೆ ಜಂತುಹುಳುವಿನ ಔಷಧಿ ಕುಡಿಸಬೇಕೆಂದು ಅದು ನನಗೆ ಸಲಹೆ ಕೊಡುತ್ತಿತ್ತು.

ಕೆಳಗೆ ಕಾಫಿ ಕುಡಿಯುತ್ತಿದ್ದ ನಮ್ಮ ಮಾವನವರನ್ನು ಕರೆದೆ. ಅವರು ಜಾಲಹಳ್ಳಿಯ ಬಿಇಎಲ್ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಇಂದಿಗೂ ಶರ್ಟಿನ ಜೇಬಿನಲ್ಲಿ ಪೆನ್ನಿನ ಪಕ್ಕ ಟೆಸ್ಟರ್ ಇರುತ್ತದೆ. ಅವರು ಪೆಡಲಿನ ತಳ ಬಿಚ್ಚಿ, ಒಳಗಿದ್ದ ಎರಡು ಪುಟ್ಟ ಲೋಹದ ಟೋಪಿಗಳನ್ನು ನೋಡಿದ್ದೇ ಮುಖ ಅರಳಿಸಿಕೊಂಡರು.

"ಜರ್ಮೇನಿಯಂ! ಅಳಿಯಂದಿರೇ, ಇಂಥವನ್ನ ನಾವು ಅರವತ್ತರ ದಶಕದಲ್ಲಿ ರಾಶಿ ರಾಶಿ ಮಾಡಿ ಹಾಕಿದ್ವಿ. ಎಷ್ಟು ಕೊಟ್ರಿ?"

ಹೇಳಿದೆ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆ ರಾಶಿಯಲ್ಲಿ ಒಂದು ಹಿಡಿ ಎತ್ತಿಟ್ಟಿದ್ದರೆ ಜಾಲಹಳ್ಳಿಯಲ್ಲಿ ಇನ್ನೊಂದು ಸೈಟು ಬರುತ್ತಿತ್ತಲ್ಲ ಎಂದು ಲೆಕ್ಕ ಹಾಕುತ್ತಿದ್ದರೆಂದು ಕಾಣುತ್ತದೆ.

ಆಮೇಲೆ ಪಾಠವಾಯಿತು. ಜರ್ಮೇನಿಯಂಗೆ ಸೆಕೆ ಆಗುವುದಿಲ್ಲ. ಬಿಸಿಯೇರಿದಷ್ಟೂ ಅದರೊಳಗೆ ಕರೆಂಟು ಸೋರುತ್ತದೆ, ಸೋರಿದಷ್ಟೂ ಟ್ರಾನ್ಸಿಸ್ಟರ್ ದಾರಿ ತಪ್ಪುತ್ತದೆ. ಸಿಲಿಕಾನ್ ಬಂದ ಮೇಲೆ ಜಗತ್ತು ಇದನ್ನು ಕೈಬಿಟ್ಟದ್ದಕ್ಕೆ ಅದೂ ಒಂದು ಕಾರಣ. ಎ.ಸಿ.ಯಲ್ಲಿ ಕೇಳಿದ ಸದ್ದು ಶೀಟಿನ ಕೆಳಗೆ ಬರಬೇಕೆಂದರೆ ಶೀಟಿಗೂ ಎ.ಸಿ. ಹಾಕಿಸಬೇಕು. ಇನ್ನು ಗಂಡು ದನಿ. ಅದು ಆಕಾಶವಾಣಿ ಬೆಂಗಳೂರು, 612 ಕಿಲೋಹರ್ಟ್ಸ್. ಅಗ್ಗದ ಕೇಬಲ್ಲಿಗೆ ನೆಟ್ಟಗೆ ಶೀಲ್ಡಿಂಗ್ ಇಲ್ಲದೆ ಅದೇ ಏರಿಯಲ್ ಆಗಿದೆ. ಅದು ಹಿಡಿದ ಅಲೆಯಿಂದ ಮಾತನ್ನು ಬೇರ್ಪಡಿಸುವ ಕೆಲಸ ಪೆಡಲಿನ ಟ್ರಾನ್ಸಿಸ್ಟರಿನದು.

"ಟ್ರಾನ್ಸಿಸ್ಟರಿನಲ್ಲಿ ರೇಡಿಯೋ ಬರದೆ ಇನ್ನೇನು ಬರತ್ತೆ?" ಎಂದು ನಕ್ಕರು.

"ಇದನ್ನ ನಿಲ್ಸೋಕಾಗಲ್ವೆ ಮಾವ?"

"ಆಗತ್ತೆ. ಒಳಗೆ ಬರೋ ಕಡೆ ಒಂದು ಸಣ್ಣ ಕೆಪಾಸಿಟರ್ ಹಾಕಿದ್ರೆ ಸಾಕು. ಎಸ್.ಪಿ. ರೋಡಲ್ಲಿ ಪುಡಿಗಾಸಿಗೆ ಸಿಗತ್ತೆ. ಆದ್ರೆ ಯಾಕೆ ನಿಲ್ಸಬೇಕು? ಇಷ್ಟು ಕ್ಲಿಯರ್ರಾಗಿ ಬರ್ತಿದೆ."

ಅವರು ಅಲ್ಲೇ ಕುರ್ಚಿ ಎಳೆದುಕೊಂಡು ಕುರಿಗಳ ವಿಷಯ ಪೂರ್ತಿ ಕೇಳಿದರು. ಬಳಿಕ ಪ್ರದೇಶ ಸಮಾಚಾರ ಕೇಳಿದರು. ಹೆಂಡತಿಯೂ ಅವರೆಕಾಳಿನ ಪಾತ್ರೆ ಹಿಡಿದು ಮೇಲೆ ಬಂದಳು. ನನ್ನ ಗಿಟಾರು ಕೇಳಲು ಅವಳು ಮೆಟ್ಟಿಲು ಹತ್ತಿದ್ದು ಅದೇ ಮೊದಲು. "ಈಗ ಕೇಳೋ ಹಾಗಿದೆ ರೀ" ಅಂದಳು. ನಾನು ತಂತಿ ಮುಟ್ಟಲು ಹೋದರೆ ಇಬ್ಬರೂ ಒಟ್ಟಿಗೆ "ಶ್" ಅಂದರು.

ಈಗ ಮಾವನವರು ಸಂಜೆಯಾದರೆ "ಅಳಿಯಂದಿರೇ, ಆ ಡಬ್ಬಿ ಹಾಕಿ" ಎನ್ನುತ್ತಾರೆ. ಕೇಳಿ ಮುಗಿದ ಮೇಲೆ ಕೇಬಲ್ ಕಿತ್ತಿಡುವುದಿಲ್ಲ. ಪೆಡಲಿಗೆ ಕೇಬಲ್ ಸಿಕ್ಕಿಸಿದ್ದಷ್ಟು ಹೊತ್ತೂ, ದೀಪ ಆರಿದ್ದರೂ, ಒಳಗಿನ 9 ವೋಲ್ಟಿನ ಬ್ಯಾಟರಿ ಸವೆಯುತ್ತಲೇ ಇರುತ್ತದೆ. ಬ್ಯಾಟರಿ ಖರ್ಚು ನನ್ನದು.

ಆದ್ದರಿಂದ ಓದುಗರಲ್ಲಿ ಒಂದು ವಿಜ್ಞಾಪನೆ. ಜರ್ಮೇನಿಯಂ ಫಜ್ ಪೆಡಲ್ ಒಂದು ಮಾರಾಟಕ್ಕಿದೆ. ಹೆಚ್ಚು ಬಳಸಿಲ್ಲ, ಬೂಟುಗಾಲು ಸೋಕಿಲ್ಲ, ಟೋನು ತುಂಬಾ ವಾರ್ಮ್. ದಯವಿಟ್ಟು ಟೆಸ್ಟ್ ಮಾಡಿಕೊಂಡೇ ತೆಗೆದುಕೊಳ್ಳಿ, ನಿಮ್ಮದೇ ಗಿಟಾರು, ನಿಮ್ಮದೇ ಕೇಬಲ್ ತನ್ನಿ. ಬೆಳಗಿನ ಆರರೊಳಗೆ, ಶೀಟು ತಣ್ಣಗಿರುವಾಗ, ಮಾವನವರು ವಾಕಿಂಗಿಗೆ ಹೋದ ಹೊತ್ತಿನಲ್ಲಿ ಬಂದರೆ ಅನುಕೂಲ.